ಪಂಪಣ್ಣನ ಒಂದು ದಿನದ ತಾಲೀಮು

ಎಲ್ಲ ಪೀಕಲಾಟಕ್ಕೂ ಕಾರಣ ಶಹಾಪುರದ ಕಾಲುವೆ ಕಚೇರಿಯ ಮೆಟ್ಟಿಲುಗಳು. ದಡೂತಿ ಮೈಯ ಗುಮಾಸ್ತ ಪಂಪಣ್ಣ ಅವತ್ತು ಬೆಳಿಗ್ಗೆ ಮಾಳಿಗೆ ಹತ್ತಿ, ಮರಿಲಿಂಗಪ್ಪ ಸಾಹೇಬರ ಮುಂದೆ ನಿಂತು, "ಸುರಪುರಕ್ಕ ಕಳಸ್ರಿ" ಎಂದು ಕೇಳಬೇಕಿತ್ತು. ಹತ್ತಿದ. ನಿಂತ. "ಸು... ಸು..." ಎನ್ನುವಷ್ಟರಲ್ಲಿ ದಮ್ಮು ಮುಗಿಯಿತು.

"ಸುಸ್ತಾಗ್ಯದೇನು? ಕುಂದ್ರು," ಎಂದರು ಸಾಹೇಬರು.

ಒಂದು ತಂಬಿಗೆ ನೀರು ಕುಡಿದ ಮೇಲೆ ಮಾತು ಬಂತು. ಹೆಂಡತಿ ಭಾಗಮ್ಮ ಸುರಪುರದಲ್ಲಿ ಶಾಲೆಯ ಟೀಚರು. ಮದುವೆಯಾದಾಗಿನಿಂದ ಇವರ ಸಂಸಾರ ಭಾನುವಾರಕ್ಕೊಮ್ಮೆ ಬಸ್ಸಿನಲ್ಲಿ ಹೋಗಿ ಬರುವ ಸಂಸಾರ. ಈಗ ಕಾಲುವೆಗೆ ನೀರು ಬಿಟ್ಟ ಮೇಲೆ ಸುರಪುರದ ಕಡೆ ಕಾಲುವೆ ಕಾಯುವ ಇನ್ಸ್‌ಪೆಕ್ಟರ್ ಜಾಗ ಖಾಲಿಯಾಗಿದೆ. ಅದೊಂದು ಸಿಕ್ಕರೆ ಪಂಪಣ್ಣ ದಿನಾ ಹೆಂಡತಿಯ ಕೈಯ ಬಿಸಿ ರೊಟ್ಟಿ ಉಣ್ಣಬಹುದು.

"ಅದು ಕುರ್ಚಿ ನೌಕರಿ ಅಲ್ಲೋ ಪಂಪಣ್ಣ. ದಿನಾ ಕಾಲುವಿ ದಂಡಿ ಹಿಡದು ನಡೀಬೇಕು. ಸಂಜೀಕ ನನ್ನ ಸಂಗಡ ದೊಡ್ಡ ಗೇಟಿನ ತನಕ ಬಾ. ನಡದ್ರ ಸುರಪುರ, ಕುಂತ್ರ ಶಹಾಪುರ," ಎಂದರು ಸಾಹೇಬರು.

ಪಂಪಣ್ಣ ಕೆಳಗಿಳಿಯುವ ಮೊದಲೇ ಸುದ್ದಿ ಕೆಳಗಿಳಿದಿತ್ತು. ಪಕ್ಕದ ಮೇಜಿನ ಜಲಾಲುದ್ದೀನ, "ಹೊಟ್ಟಿಗೆ ಟವೆಲ್ ಬಿಗದು ಕಟ್ಟ್ರಿ, ಅರ್ಧಾ ಭಾರ ಕಮ್ಮಿ ಆಗ್ತದ" ಎಂದ. ಟೈಪು ಮಾಡುತ್ತಿದ್ದ ಗೊಲ್ಲಾಳಮ್ಮ ಕೈ ನಿಲ್ಲಿಸಿ, "ಅವನ ಮಾತು ಕೇಳಬ್ಯಾಡ್ರಿ. ನಿಮಗ ಒಬ್ಬ ತಾಲೀಮ್ ಮಾಸ್ತರ ಬೇಕು. ಒಬ್ಬರಿಗೇ ನಿಂತು ಕಲಸೋವ. ಬಜಾರದ ಹಿಂದ ಅಯ್ಯಣ್ಣ ಮಾಸ್ತರ ಅದಾನಲ್ರಿ, ಕತ್ತೆಗೂ ಹೆಜ್ಜಿ ಹಾಕೂದು ಕಲಸ್ಯಾನ" ಎಂದಳು.

ತಾಲೀಮು ಎಂದೊಡನೆ ಪಂಪಣ್ಣನ ಕಣ್ಣ ಮುಂದೆ ಗರಡಿಯ ಕೆಂಪು ಮಣ್ಣು, ಎಣ್ಣೆ ಹಚ್ಚಿದ ಪೈಲ್ವಾನರು ಬಂದು ನಿಂತರು. ಅರ್ಧ ದಿನದ ರಜೆ ಬರೆದುಕೊಟ್ಟು ಓಡಿದ. ಓಡಿದ ಎಂದರೆ, ಅವನ ಲೆಕ್ಕದಲ್ಲಿ ಓಡಿದ.

ಅಯ್ಯಣ್ಣ ಮಾಸ್ತರು ನೋಡಿದರೆ ಒಣಗಿದ ಜೋಳದ ದಂಟಿನಂತಿದ್ದರು. ಇವರೆಂಥ ಉಸ್ತಾದರಪ್ಪಾ ಎಂದು ಪಂಪಣ್ಣ ಅನುಮಾನಪಡುವಷ್ಟರಲ್ಲಿ, ಮಾಸ್ತರು ಸಂತೆಯಲ್ಲಿ ಎತ್ತು ಕೊಳ್ಳುವವರಂತೆ ಅವನನ್ನು ಒಂದು ಸುತ್ತು ಹಾಕಿದರು.

"ಏನ್ ಮೈಯೋ ತಮ್ಮಾ! ಇಂಥಾ ಮೈ ಹುಡುಕಿ ಹುಡುಕಿ ನನ್ನ ಚಪ್ಪಲಿ ಸವದಾವ."

ಹುಟ್ಟಿದಾಗಿನಿಂದ ಪಂಪಣ್ಣನ ಮೈಯನ್ನು ಯಾರೂ ಹೊಗಳಿದ್ದಿಲ್ಲ. ಕರಗಿಹೋದ. "ಸಂಜೀಕ ಸಾಹೇಬ್ರ ಮುಂದ ನಾ..." ಎಂದು ಶುರುಮಾಡಿದ.

"ಗೊತ್ತದ, ಗೊತ್ತದ. ನಮ್ಮ ಆಫೀಸಿನ್ಯಾಗ ಒಬ್ಬವನ್ನ ತಯಾರ್ ಮಾಡು ಅಂತ ಸಾಹೇಬ್ರು ನಿನ್ನೇನೇ ಹೇಳಿ ಕಳಸ್ಯಾರ."

ಮೇಲೆ ಬಿಗಿಯಾಗಿ ಮಾತಾಡಿದರೂ ಒಳಗೆ ಎಂಥ ಕರುಳು ಸಾಹೇಬರದು! ಪಂಪಣ್ಣನ ಕಣ್ಣಲ್ಲಿ ನೀರೇ ಬಂತು.

ಕಸರತ್ತು ಶುರುವಾಯಿತು. ಮಾಸ್ತರು ಕೈಗೊಂದು ಮರದ ಗದೆ ಕೊಟ್ಟರು. ತೊಡೆ ತಟ್ಟಿಸಿದರು. ಅಂಗಳದಲ್ಲಿ ಹೆಜ್ಜೆ ಹಾಕಿಸಿದರು. "ದಮ್ಮು ಎದಿಯಿಂದ ತಗೀಬ್ಯಾಡ, ಹೊಟ್ಟಿಯಿಂದ ತಗಿ. ಅಷ್ಟು ದೊಡ್ಡ ಗೋದಾಮು ದೇವರು ಸುಮ್ಮನ ಕೊಟ್ಟಾನೇನು? ಒಂದು ದಮ್ಮಿನ್ಯಾಗ ನಾಕು ಹೆಜ್ಜಿ. ಹಾಂ! ಈಗ ಗುಡುಗು!"

ಪಂಪಣ್ಣ ಹೊಟ್ಟೆ ತುಂಬ ಗಾಳಿ ಎಳೆದು ಗುಡುಗಿದ. ಪಕ್ಕದ ಮನೆಯ ಖಾಸಿಂಬೀಯ ಎಮ್ಮೆ ಗೂಟ ಕಿತ್ತುಕೊಂಡು ಬಜಾರಕ್ಕೆ ಬಿತ್ತು.

"ಹಾಯ್ ಅಲ್ಲಾ, ನನ್ನ ಎಮ್ಮಿ! ಹಿಡೀರಿ ಅಣ್ಣಾ!"

ಮುಂದೆ ಎಮ್ಮೆ, ಹಿಂದೆ ಗದೆ ಹಿಡಿದ ಪಂಪಣ್ಣ, ಅವನ ಹಿಂದೆ ಖಾಸಿಂಬೀ, ಎಲ್ಲರ ಹಿಂದೆ "ಹೊಟ್ಟಿಯಿಂದ! ಹೊಟ್ಟಿಯಿಂದ!" ಎಂದು ಕೂಗುವ ಮಾಸ್ತರು. ಎಮ್ಮೆ ಬಳೆ ಅಂಗಡಿ ದಾಟಿತು. ಲಾಡ್ಲೇಸಾಬನ ಹೋಟೆಲಿನ ಬೆಂಚು ಕೆಡವಿತು. ಬೆಂಚಿನ ಮೇಲಿದ್ದವರು ಚಹದ ಕಪ್ಪು-ಬಸಿ ಕೆಳಗಿಡದೆಯೇ ಗೋಡೆ ಹತ್ತಿದರು. ಕೊನೆಗೆ ಕೆರೆಯ ದಂಡೆಯಲ್ಲಿ ಪಂಪಣ್ಣ ಹಗ್ಗ ಹಿಡಿದು, "ತಗೋರಿ ಅಕ್ಕಾ ನಿಮ್ಮ ಎಮ್ಮಿ, ನನ್ನಿಂದ ತಪ್ಪಾತು, ಸಿಟ್ಟಾಗಬ್ಯಾಡ್ರಿ" ಎಂದ. ಎಂದ ಮೇಲೆ ತಾನೇ ಬೆಚ್ಚಿದ. ಇಷ್ಟುದ್ದದ ಮಾತು, ಅದೂ ಓಡಿ ಬಂದ ಮೇಲೆ, ನಡುವೆ ಎಲ್ಲೂ ಕಡಿದಿರಲಿಲ್ಲ! ಮಾಸ್ತರ ಕಾಲಿಗೆ ಅಲ್ಲೇ ಬಿದ್ದ.

ಸಂಜೆ ಕಾಲುವೆಯ ದಂಡೆ. ನೀರು ತುಂಬಿ ಹರಿಯುತ್ತಿತ್ತು, ಎರಡೂ ಬದಿ ಭತ್ತ ಹಸಿರಾಗಿತ್ತು. ಪಂಪಣ್ಣ ನಾಲ್ಕು ಹೆಜ್ಜೆಗೊಂದು ದಮ್ಮಿನಂತೆ ಸಾಗಿದ. ಅವನ ಕಣ್ಣಿಗೆ ಗೇಟಿನ ಆಚೆ ಸುರಪುರವೇ ಕಾಣುತ್ತಿತ್ತು, ಅಲ್ಲಿ ಭಾಗಮ್ಮ ರೊಟ್ಟಿ ಬಡಿಯುತ್ತಿದ್ದಳು. ಗೇಟು ಮುಟ್ಟಿ ತಿರುಗಿ ನೋಡಿದರೆ ಸಾಹೇಬರು ಹಿಂದೆ ಉಳಿದು, ಟೋಪಿಯಿಂದ ಗಾಳಿ ಬೀಸಿಕೊಳ್ಳುತ್ತ ಬರುತ್ತಿದ್ದರು.

"ಪಾಸಾದಿಯೋ ಪಂಪಣ್ಣ," ಎಂದರು ಏದುಸಿರಿನಲ್ಲಿ. "ನಾಳಿಗೇ ಆರ್ಡರು."

ಸಂತೋಷ ತಡೆಯಲಾರದೆ ಪಂಪಣ್ಣ ತೊಡೆ ತಟ್ಟಿ, ಕಲಿತ ಹಾಗೆಯೇ ಒಮ್ಮೆ ಗುಡುಗಿದ. ಹೊಲದ ಬೆಳ್ಳಕ್ಕಿಗಳೆಲ್ಲ ಹಾರಿದವು. ಸಾಹೇಬರು ಬಾಯಿ ತೆರೆದು ನಿಂತರು.

ಅಷ್ಟರಲ್ಲಿ ಅಯ್ಯಣ್ಣ ಮಾಸ್ತರು ಸೈಕಲ್ಲು ತುಳಿಯುತ್ತ ಬಂದರು. "ಹೆಂಗದರೀ ಸಾಹೇಬ್ರ? ನೀವು ಕೇಳಿದ ರಕ್ಕಸ ತಯಾರ್!"

"ಯಾವ ರಕ್ಕಸ?" ಎಂದ ಪಂಪಣ್ಣ.

ಆಗ ತಿಳಿಯಿತು. ಈ ಸೀಮೆಯಲ್ಲಿ ಕುಸ್ತಿಗೂ ತಾಲೀಮು, ನಾಟಕಕ್ಕೂ ತಾಲೀಮು. ಅಯ್ಯಣ್ಣ ಜನ್ಮದಲ್ಲಿ ಗರಡಿಯ ಮಣ್ಣು ಮುಟ್ಟಿದವರಲ್ಲ. ಕಚೇರಿಯ ವಾರ್ಷಿಕೋತ್ಸವದ ನಾಟಕಕ್ಕೆ ರಕ್ಕಸನ ಪಾತ್ರದವನು ಸಿಗದೆ ಸಾಹೇಬರು ಅವರಿಗೆ ಹೇಳಿ ಕಳಿಸಿದ್ದರು.

"ಇಂಥಾ ರಕ್ಕಸನ್ನ ಸುರಪುರಕ್ಕ ಕಳಸಿ ನಾ ಏನ್ ಮಾಡ್ಲಿ?" ಸಾಹೇಬರು ಪಂಪಣ್ಣನ ಹೆಗಲು ಹಿಡಿದುಕೊಂಡರು. "ಆರ್ಡರು ಕ್ಯಾನ್ಸಲ್. ಮುಂದಿನ ವರ್ಷ ನೋಡೂಣು."

ಪಂಪಣ್ಣ ಕಾಲುವೆಯ ನೀರನ್ನೇ ನೋಡುತ್ತ ನಿಂತ. ಅದು ತನ್ನ ಪಾಡಿಗೆ ಮುಂದೆ ಹೋಗುತ್ತಿತ್ತು, ಬಸ್ಸು ಹಿಡಿಯದೆ, ಯಾರನ್ನೂ ಕೇಳದೆ.

"ಸಪ್ಪಗಾಗಬ್ಯಾಡೋ," ಎಂದರು ಸಾಹೇಬರು. "ಭಾಗಮ್ಮನೋರನ್ನ ಮುಂದಿನ ಸಾಲಿನ್ಯಾಗ ಕುಂದ್ರಸೂಣು. ಪಾತ್ರ ಭಾರಿ ಅದ. ರಕ್ಕಸ ಆಟ ಪೂರ್ತಿ ರಾಜನ್ನ ಹೊಡೀತಾನ. ಕಡೀಕ ಅಷ್ಟೇ ರಾಜಾ ಗೆಲ್ಲತಾನ."

"ರಾಜನ ಪಾತ್ರ ಯಾರದ್ರಿ?"

"ನಂದಽ!" ಎಂದು ಸಾಹೇಬರು ಮೀಸೆ ತಿರುವಿದರು.

ಪಂಪಣ್ಣ ಸಾಹೇಬರನ್ನು ಮೇಲಿಂದ ಕೆಳಗಿನ ತನಕ ಒಮ್ಮೆ ಅಳೆದು ನೋಡಿದ. ಆಮೇಲೆ ಹೊಟ್ಟೆಯಿಂದ ಒಂದು ದೊಡ್ಡ ದಮ್ಮು ಎಳೆದುಕೊಂಡು ಮಾಸ್ತರ ಕಡೆ ತಿರುಗಿದ.

"ಮಾಸ್ತರ, ನಾಳಿ ತಾಲೀಮು ಎಷ್ಟು ಗಂಟೇಕ್ರಿ?"