ಬಾಲ್ಕನಿಯಲ್ಲಿ ತೂಗಿದ ಇತಿಹಾಸ

ಮುಂದಿನ ತಲೆಮಾರು ನನ್ನ ಭಾವನಿಗೆ ಕೈಮುಗಿಯಲಿದೆಯಂತೆ. ಹಾಗೆಂದು ಹೇಳಿದವರು ಸ್ವತಃ ಭಾವನೇ!

ಭಾವನೆಂದರೆ ನನ್ನ ಹೆಂಡತಿಯ ಅಣ್ಣ. ಡೊಂಬಿವಲಿಯಲ್ಲಿ ವಾಸ, ಠಾಣೆಯ ಹೋಟೆಲೊಂದರ ಗಲ್ಲೆಯಲ್ಲಿ ಹಣ ಎಣಿಸುವ ಕೆಲಸ. ಬೇರೆಯವರು ನಾಣ್ಯ ಕೂಡಿಡುತ್ತಾರೆ, ಮಾರಿದರೆ ಏನಾದರೂ ಹುಟ್ಟುತ್ತದೆ. ಇವರು ಕೂಡಿಟ್ಟದ್ದು ಇಂಟರ್ನೆಟ್ಟನ್ನು! ಹತ್ತು ಮಂದಿಗೆ ಕಳಿಸದಿದ್ದರೆ ಕೇಡು ಖಚಿತ ಎಂದು ಹೆದರಿಸುವ ಈಮೇಲು, ಮಿಣುಕುವ ಗುಲಾಬಿ, ಸ್ನೇಹಿತರ ಪುಟದ ಗೋಡೆಗೆ ಸಂದೇಶ ಗೀಚುವ ತಾಣದಲ್ಲಿ ನೆಂಟರು ಗೀಚಿದ್ದು, ಎಲ್ಲವೂ ಸೈಬರ್ ಕೆಫೆಯಿಂದ ಸೀಡಿಗೆ.

"ಹಿಂದಿನವರು ಶಾಸನ ಕೆತ್ತಿಸಲಿಲ್ಲವಾ ಮಾರಾಯ? ಇದೂ ಹಾಗೆಯೇ," ಎನ್ನುತ್ತಿದ್ದರು. 'ಗುಡ್ ಮಾರ್ನಿಂಗ್' ಎಂದು ಕೆತ್ತಿಸಿದ ರಾಜ ಯಾರಪ್ಪ?

ಘನ್ಸೋಲಿಯಲ್ಲಿ ಹೆಣ್ಣು ನೋಡಲು ಹೋದಾಗ ಹುಡುಗಿಯ ತಂದೆ ಆಸ್ತಿ ಏನುಂಟು ಎಂದು ಕೇಳಿದರು. ಭಾವ ಸೀಡಿಗಳ ಡಬ್ಬಿ ತೆರೆದರು. ಬ್ರಹ್ಮಚರ್ಯ ಅಂದೇ ಗಟ್ಟಿಯಾಯಿತು. ಆ ಈಮೇಲನ್ನು ಹತ್ತು ಮಂದಿಗೆ ಕಳಿಸದ ಫಲವಿದು ಎಂದು ನನ್ನ ಹೆಂಡತಿಯ ವಾದ.

ಗೀಚುವ ತಾಣ ಮುಚ್ಚುತ್ತದೆಂದಾಗ ಅವರವರು ಗೀಚಿದ್ದನ್ನು ಉಳಿಸಲೆಂದು ರಜೆ ಹಾಕಿ ಮನೆಮನೆಗೆ ಹೋಗಿ ಪಾಸ್‌ವರ್ಡ್ ಕೇಳಿದರು. ವಾಶಿಯ ಚಿಕ್ಕಮ್ಮ ಬಾಗಿಲನ್ನೇ ತೆರೆಯಲಿಲ್ಲ. ನನ್ನ ಮಗಳು ಮಾತ್ರ, "ಲೇ ಲೋ ಮಾಮಾ, ಕ್ಯಾ ಫರಕ್ ಪಡ್ತಾ ಹೈ," ಎಂದು, ಕೊಟ್ಟರೆ ಏನಾಯಿತೆಂಬಂತೆ ಕೊಟ್ಟುಬಿಟ್ಟಳು.

ಆಮೇಲೆ ಹೊಸದು ಕಟ್ಟಲು ಅವರ ಕಟ್ಟಡ ಒಡೆದರು. ಭಾವ ದಿವಾದ ಸಣ್ಣ ಕೋಣೆಗೆ ಹೋದರು, ಸೀಡಿ ತುಂಬಿದ ಟ್ರಂಕು ಕಲ್ಯಾಣದ ನಮ್ಮ ಮನೆಗೆ ಬಂತು. ಹಳೇ ಫರ್ನಿಚರ್ ಕೊಂಡು ಮಾರಿ ಮೇಲೆ ಬಂದವನು ನಾನು; ಸುಮ್ಮನೆ ಜಾಗ ತಿನ್ನುವ ವಸ್ತು ಕಂಡರೆ ಮೈ ಉರಿಯುತ್ತದೆ. ಒಂದಷ್ಟು ಸೀಡಿಗಳನ್ನು ಪಾರಿವಾಳ ಓಡಿಸಲು ಬಾಲ್ಕನಿಗೆ ಕಟ್ಟಿದೆ. ನೀವೂ ಕಟ್ಟಿ, ಬಿಸಿಲು ಬೀಳುವ ಕಡೆ, ದಾರ ಉದ್ದವಿರಲಿ. ಉಳಿದದ್ದಕ್ಕೆ ಗುಜರಿ ಕೊಳ್ಳುವ ಭಂಗಾರ್‌ವಾಲಾನನ್ನು ಕರೆದೆ.

ಹೆಂಡತಿ ಸುದ್ದಿ ಮುಟ್ಟಿಸಿರಬೇಕು, ತಕ್ಕಡಿ ಎತ್ತುವಷ್ಟರಲ್ಲಿ ಭಾವ ಬಂದರು. ಜಗಳವಾಡಲಿಲ್ಲ. ಬಾಲ್ಕನಿಯಿಂದ ಒಂದು ಸೀಡಿ ಬಿಚ್ಚಿ, ಅಂಗಿಯ ಚುಂಗಿನಿಂದ ಒರೆಸಿದರು.

"ಇದೊಂದು ನೋಡು. ಮತ್ತೆ ಎಲ್ಲ ಕೊಟ್ಟುಬಿಡು."

ಮಗಳ ಕಂಪ್ಯೂಟರಿನಲ್ಲಿ ಹಾಕಿದರು. ಅವಳು ಶಾಲೆ ಕಲಿಯುತ್ತಿದ್ದ ಕಾಲದಲ್ಲಿ ಭಾವನ ಗೋಡೆಗೆ ಗೀಚಿದ್ದು. ಇಂಗ್ಲಿಷ್ ಅಕ್ಷರ, ಮಾತು ನಮ್ಮದೇ. 'ಮಾವ, ಅಪ್ಪ ಭೇಲ್ ತರ್ತೇನೆ ಅಂತ ಹೋಗಿ ಫುಕಟ್ ಕೊತ್ತಂಬರಿ ತಂದ್ರು. ನೀವು ಬನ್ನಿ.' ಅಂಥವೇ ಪುಟಗಟ್ಟಲೆ.

ಈಗ ಅವಳು ನನ್ನೊಡನೆ ಆಡುವುದು ಹಿಂದಿ, ಜಗಳಕ್ಕೆ ಮರಾಠಿ. ಅವಳ ಕನ್ನಡ ಯಾವಾಗ ನಿಂತಿತೋ ನನಗೆ ತಿಳಿದೇ ಇರಲಿಲ್ಲ. ಬೆನ್ನ ಹಿಂದೆ ಬಂದು ನಿಂತವಳು ಓದಿ ನಕ್ಕಳು. ನಿಧಾನವಾಗಿ, ತಡವರಿಸುತ್ತ, "ಕೊತ್ತಂಬರಿ ತಂದ್ರು," ಎಂದಳು.

ಬಾಗಿಲಲ್ಲಿ ಭಂಗಾರ್‌ವಾಲಾ ತಾನಾಗಿಯೇ ದರ ಏರಿಸುತ್ತಿದ್ದ. ನಾನು ಬಾಲ್ಕನಿಯಲ್ಲಿ ಸೀಡಿ ಕಟ್ಟಿದ ದಾರದ ಗಂಟು ಬಿಚ್ಚುತ್ತಿದ್ದೆ.

ಮರುದಿನವೇ ಪಾರಿವಾಳಗಳು ಬಂದವು. ಬರಲಿ.