ಹಗುರ ಬಂದೂಕು ಮತ್ತು ನನ್ನ ಬಲ ಭುಜ

ತನ್ನ ಯೋಗ್ಯತೆಗೆ ಸಂಬಂಧವೇ ಇಲ್ಲದ ವಸ್ತುಗಳ ಮೇಲೆ ಮನುಷ್ಯನಿಗೆ ಯಾಕೆ ಮೋಹ ಹುಟ್ಟುತ್ತದೋ ನಾನರಿಯೆ. ಜಿರಳೆ ಕಂಡರೆ ಹೆಂಡತಿಯನ್ನು ಕರೆಯುವ ನಾನು, ಐವತ್ತೆರಡನೆಯ ವಯಸ್ಸಿನಲ್ಲಿ, ಕುವೈತಿನ ಕಚೇರಿಯೊಂದರಲ್ಲಿ ಕುಳಿತು ಬೇಟೆಯ ಬಂದೂಕಿಗೆ ಮನಸೋತೆ.

ಕಾರಣ ನಮ್ಮ ಮಾಲೀಕರಾದ ಬು ಸಾಲೇಂ. ವರ್ಷಕ್ಕೊಮ್ಮೆ ಪರದೇಶಕ್ಕೆ ಬೇಟೆಗೆ ಹೋಗುವ ಹಿರಿಯರು. ಈಚೆಗೆ ಭುಜನೋವು ಶುರುವಾಗಿ, ತಮ್ಮ ಭಾರದ ಬಂದೂಕು ಹೊತ್ತು ಗುಡ್ಡ ಹತ್ತಲಾಗುತ್ತಿರಲಿಲ್ಲ. ಒಂದು ದಿನ ಇಂಗ್ಲಿಷ್ ಕ್ಯಾಟಲಾಗೊಂದನ್ನು ನನ್ನ ಮೇಜಿನ ಮೇಲಿಟ್ಟು, “ಶೆಟ್ಟಿ, ಇದರಲ್ಲಿ ಹಗುರವಾದದ್ದು ಯಾವುದು? ಓದಿ ಹೇಳು” ಎಂದರು. ಅವರ ಹಿಂದಿಗೂ ನನ್ನ ಅರಬ್ಬಿಗೂ ನಡುವೆ ನಮ್ಮದೇ ಒಂದು ಭಾಷೆಯಿದೆ. ಇಪ್ಪತ್ತು ವರ್ಷದಿಂದ ಅದರಲ್ಲೇ ಸಂಸಾರ.

ಹನ್ನೊಂದನೆಯ ಪುಟದಲ್ಲಿ ಅದು ಮಲಗಿತ್ತು. ತೆಳ್ಳನೆಯ ನಳಿಗೆ, ಕಂದು ಮರದ ಹಿಡಿ, ಒಂದು ಸಲಕ್ಕೆ ಒಂದೇ ಗುಂಡು. ತಪ್ಪಿದರೆ ಜಿಂಕೆ ಮಾಯ. ಹಾಗಾಗಿ ಹೊಡೆಯುವವನು ಮೊದಲು ಯೋಚಿಸಲೇಬೇಕು. ಹತ್ತು ಗುಂಡಿನವು ನಮ್ಮ ಕಚೇರಿಯ ಮೀಟಿಂಗುಗಳಂತೆ, ಒಂದಾದರೂ ತಾಗೀತೆಂಬ ಭರವಸೆಯ ಮೇಲೆ ನಡೆಯುತ್ತವೆ. ನನ್ನ ವರ್ಣನೆ ಕೇಳಿ ಬು ಸಾಲೇಂ, “ನಿನಗೆ ಇದೆಲ್ಲ ಹೇಗೆ ಗೊತ್ತು?” ಎಂದರು.

“ನನ್ನ ಅಜ್ಜ ದೊಡ್ಡ ಬೇಟೆಗಾರರು ಸರ್.”

ಅಜ್ಜ ಉಡುಪಿಯಲ್ಲಿ ಹೋಟೆಲು ನಡೆಸಿದವರು. ಅಡುಗೆಮನೆಯ ಇಲಿಗಳಿಗೆ ಬೋನಿಟ್ಟದ್ದೇ ಅವರ ಶಿಕಾರಿ.

“ಹಾಗಾದರೆ ಯಲ್ಲಾ, ಶುಕ್ರವಾರ ಹೊರಡೋಣ! ನನ್ನ ಗೆಳೆಯನ ಹತ್ತಿರ ಇಂಥದ್ದೇ ಇದೆ. ನೀನು ಹೊಡೆದು ನೋಡಿ ಹೇಳು, ಕೊಳ್ಳುತ್ತೇನೆ.”

ಅಂದಿನಿಂದ ರಿಗ್ಗೈ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ ನೆಲ ಒರೆಸುವ ಕೋಲು ಹಿಡಿದು ನನ್ನ ಅಭ್ಯಾಸ ನಡೆಯಿತು. “ನಿಮ್ಗೆ ಮಂಡೆ ಸಮ ಉಂಟಾ ಮಾರಾಯ್ರೆ?” ಎಂದಳು ಹೆಂಡತಿ ಸುಮನಾ. “ಆ ಕೋಲಲ್ಲಿ ನೆಲ ಒರೆಸ್ಲಿಕ್ಕೂ ಆಗ್ತದೆ.”

ಶುಕ್ರವಾರ ಶೂಟಿಂಗ್ ಕ್ಲಬ್ಬಿನಲ್ಲಿ ಬು ಸಾಲೇಂ ಅವರ ಆ ಗೆಳೆಯರು ಗುಂಡು ತುಂಬಿ ಬಂದೂಕನ್ನು ನನ್ನ ಕೈಗಿತ್ತರು. ಕೊಡೆಯಷ್ಟು ಹಗುರ! ಗುರಿಯಿಟ್ಟು ಕುದುರೆ ಎಳೆದೆ. ಬಂದೂಕು ಹಗುರವಾದಷ್ಟೂ ಜೋರಾಗಿ ಒದೆಯುತ್ತದೆ ಎಂಬುದನ್ನು ಹನ್ನೊಂದನೆಯ ಪುಟ ಹೇಳಿರಲಿಲ್ಲ. ಕಣ್ಣು ಬಿಟ್ಟಾಗ ನನ್ನ ಗುರಿಹಲಗೆ ನಿಷ್ಕಳಂಕವಾಗಿತ್ತು. ಪಕ್ಕದ ಹಲಗೆಯಲ್ಲಿ ಹೊಸ ತೂತೊಂದು ಮೂಡಿತ್ತು.

“ಹೇಗಿದೆ? ನೋವಾಯಿತಾ?” ಬು ಸಾಲೇಂ ಆಗಲೇ ಬಂದೂಕಿಗೆ ಕೈ ಚಾಚಿದ್ದರು.

ಇಲ್ಲ ಎಂದರೆ ನನ್ನ ಮಾನ ಉಳಿಯುತ್ತಿತ್ತು. ಆದರೆ ಆ ಒದೆತ ಅವರ ನೋಯುವ ಭುಜಕ್ಕೆ ಬೀಳುತ್ತಿತ್ತು. ಇಪ್ಪತ್ತು ವರ್ಷ ಉಪ್ಪು ಕೊಟ್ಟವರ ಭುಜ ಅದು. ಬಂದೂಕನ್ನು ಗೆಳೆಯರಿಗೆ ಮರಳಿಸಿ ಹೇಳಿದೆ: “ತುಂಬಾ ನೋವು ಸರ್. ನಿಮಗೆ ಇದು ಬೇಡ. ಮತ್ತೆ, ನನ್ನ ಅಜ್ಜ ಹೋಟೆಲಿನವರು.”

ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ನೀನು ಹಿಡಿದ ರೀತಿಯಲ್ಲೇ ಗೊತ್ತಾಯಿತು. ಖಲಾಸ್, ನನಗೆ ಹಳೆಯದೇ ಸಾಕು. ಗುಡ್ಡದಲ್ಲಿ ಅದನ್ನು ಹೊರಲು ಒಬ್ಬ ಬೇಕು, ಅಷ್ಟೆ.” ಹೀಗೆ ಹೇಳುತ್ತ ನನ್ನನ್ನೇ ನೋಡಿದರು.

ಈಗ ವೀಸಾದ ಅರ್ಜಿ ತುಂಬುತ್ತಿದ್ದೇನೆ. ಪ್ರವಾಸದ ಉದ್ದೇಶ ಎಂಬಲ್ಲಿ ‘ಬೇಟೆ’ ಎಂದು ಬರೆದು ಸುಮನಾಳಿಗೆ ತೋರಿಸಿದೆ. ನನ್ನ ಭುಜಕ್ಕೆ ಮುಲಾಮು ತಿಕ್ಕುತ್ತಿದ್ದವಳು ಕೈ ನಿಲ್ಲಿಸದೆ ಹೇಳಿದಳು:

“ಅದನ್ನು ಹೊಡೆದು ಹಾಕಿ. ಹಮಾಲಿ ಅಂತ ಬರೀರಿ.”