ಬಕ್ಕೇಶಪ್ಪನವರ ಅಡ್ಜಸ್ಟ್

ಮಂಡಿಪೇಟೆಯ ಕಾಳಿನ ವ್ಯಾಪಾರಿ ಬಕ್ಕೇಶಪ್ಪ ಮೊನ್ನೆ ಸೋಮವಾರ ಮಧ್ಯಾಹ್ನ ಆಸ್ಪತ್ರೆಯಲ್ಲಿ ತೀರಿಕೊಂಡರು. ಪಕ್ಕದ ಬಟ್ಟೆ ಅಂಗಡಿಯ ಫಜಲುಲ್ಲಾನಿಗೆ ಅವರು ಬಾಲ್ಯದ ಗೆಳೆಯ. ಅವರಿಗೆ ಬರುತ್ತಿದ್ದದ್ದು ಒಂದೇ ಇಂಗ್ಲಿಷ್ ಪದ, ಅಡ್ಜಸ್ಟ್. ಅಷ್ಟರಲ್ಲೇ ಅವರು ಸಂಸಾರ ಸಾಮ್ರಾಜ್ಯವನ್ನು ಆಳಿದರೆಂದು ಫಜಲುಲ್ಲಾನಿಗೆ ಇಂದಿಗೂ ಹೆಮ್ಮೆ.

ಹರಿಹರದ ಬಸ್ಸಿನಲ್ಲಿ ಮೂವರ ಸೀಟಿಗೆ ನಾಲ್ಕನೆಯವರಾಗಿ ಕೂರಲು ಅದೇ ಪದ. (ಐದನೆಯವರು ಬಂದರೆ ತಾವೂ ಸರಿಯುತ್ತಿದ್ದರು, ಅದನ್ನೂ ಹೇಳಬೇಕು.) ಸಾರಿಗೆ ಉಪ್ಪು ಹೆಚ್ಚಾದರೆ, ಅಂಗಿಯ ಗುಂಡಿ ಕಿತ್ತುಹೋದರೆ, ಅಳಿಯ ಮುನಿಸಿಕೊಂಡರೆ, ಎಲ್ಲಕ್ಕೂ ಅದೇ. ಓದಿಕೊಂಡಿದ್ದ ಫಜಲುಲ್ಲಾ ಒಮ್ಮೆ ಡಿಕ್ಷನರಿ ತೆರೆದು, "ಇದರಾಗೆ ಇಷ್ಟೆಲ್ಲ ಅರ್ಥ ಇಲ್ಲ ಬಕ್ಕೇಶಿ" ಎಂದ.

"ಅದನ್ನ ಬರ್ದೋನು ಹರಿಹರದ ಬಸ್ಸು ಹತ್ತಿಲ್ಲ ಬಿಡು."

ಎಂಬತ್ತೆರಡನೇ ಇಸವಿಯಲ್ಲಿ ಒಂದು ಮಧ್ಯಾಹ್ನ, ಬಸ್ಸಿನಲ್ಲಿ ಸರಿದು ಜಾಗ ಕೊಟ್ಟರೆಂಬ ಒಂದೇ ಕಾರಣಕ್ಕೆ ಕೊಂಡಜ್ಜಿ ಊರಿನ ಒಂದು ಸಂಸಾರವನ್ನೇ ಅವರು ಊಟಕ್ಕೆ ಕರೆತಂದರು. ಹೆಂಡತಿ ದ್ರಾಕ್ಷಾಯಣಮ್ಮ ಆಗಷ್ಟೇ ಪಾತ್ರೆ ತಿಕ್ಕಿ ಬೋರಲು ಹಾಕಿದ್ದರು.

"ಅನ್ನ ಎಲ್ಲೈತ್ರಿ?"

"ಮಂಡಕ್ಕಿ ಐತಲ್ಲ, ಅಡ್ಜಸ್ಟ್ ಮಾಡು."

"ಇನ್ನೊಂದ್ಸಲ ಆ ಮಾತಂದ್ರೆ ಮಾಯಕೊಂಡಕ್ಕೆ, ನನ್ನ ತವರಿಗೆ ಹೋಗ್ತೀನಿ ನೋಡ್ರಿ!"

"ಸಂಜಿ ಬಸ್ಸು ತುಂಬಿರ್ತೈತೆ, ಒಂಚೂರು ಅಡ್ಜಸ್ಟ್..."

ದ್ರಾಕ್ಷಾಯಣಮ್ಮ ಹೋದರು.

ಸಂಧಾನದ ರಾಯಭಾರಿಯಾಗಿ ಮಾಯಕೊಂಡಕ್ಕೆ ಹೊರಟವನು ಫಜಲುಲ್ಲಾ. "ತಂಗೆಮ್ಮ, ಇನ್ಮ್ಯಾಲೆ ಆ ಪದ ಅವನ ಬಾಯಿಂದ ಬರಲ್ಲ. ನಾನು ಜಾಮೀನು" ಎಂದು ಮಾತು ಕೊಟ್ಟು ಕರೆತಂದ. ಗಂಡ ಹೆಂಡಿರನ್ನು ಕೂಡಿಸಿದವನು ತಾನೇ ಎಂದು ಪೇಟೆಯ ತುಂಬ ಹೇಳಿಕೊಂಡು ತಿರುಗಿದ.

ಗೆಳೆಯನ ಮಾತು ಕೆಡಬಾರದೆಂದು ಬಕ್ಕೇಶಪ್ಪ ಮತ್ತೆ ಆ ಪದ ಆಡಲಿಲ್ಲ. ಸೀಟು ಕೇಳಲು ಬೇರೆ ಮಾತು ಹೊಳೆಯದೆ ಹರಿಹರದವರೆಗೂ ನಿಂತೇ ಹೋದರು. ಪದ ನಾಲಿಗೆಯ ತುದಿಗೆ ಬಂದಾಗಲೆಲ್ಲ ಎಲೆ ಅಡಿಕೆ ಹಾಕಿಕೊಂಡರು. "ನಿನ್ನ ಮಾತು ಉಳಿಸೋಕೆ ಹೋಗಿ ನನ್ನ ಹಲ್ಲು ಕೆಂಪಾದ್ವಲ್ಲೋ ಫಜಲು" ಎಂದು ಬೈದರು. ಆದರೆ ಮನೆಗೆ ಜನರನ್ನು ಕರೆತರುವುದನ್ನು ಮಾತ್ರ ಬಿಡಲಿಲ್ಲ.

ಅವರು ತೀರಿಕೊಂಡ ಆ ಸೋಮವಾರ ಬೆಳಿಗ್ಗೆ ಫಜಲುಲ್ಲಾ ಆಸ್ಪತ್ರೆಗೆ ಹೋದಾಗ, ಇದ್ದ ಒಂದು ಸ್ಟೂಲಿನ ಮೇಲೆ ದ್ರಾಕ್ಷಾಯಣಮ್ಮ ಮೋಸಂಬಿ ಸುಲಿಯುತ್ತಾ ಕೂತಿದ್ದರು. ಇವನನ್ನು ಕಂಡವರೇ ಗಂಡನ ಕಡೆ ತಿರುಗಿದರು.

"ರೀ, ಒಂಚೂರು ಅಡ್ಜಸ್ಟ್ ಮಾಡ್ಕಳ್ರಿ. ಫಜಲಣ್ಣ ನಿಂತಾರೆ."

ತಾನು ಜಾಮೀನು ನಿಂತು ಕಟ್ಟಿಹಾಕಿಸಿದ್ದ ಪದವನ್ನು, ಅದೂ ತನಗಾಗಿ, ಆಕೆಯೇ ಬಿಚ್ಚಿಬಿಟ್ಟಿದ್ದರು! ಫಜಲುಲ್ಲಾ ಪೆಚ್ಚಾಗಿ ನಿಂತ. ಬಕ್ಕೇಶಪ್ಪ ಗೆಳೆಯನ ಮುಖ ನೋಡಿ, ಕೇಳಿಸಿತೇ ಎನ್ನುವ ಹಾಗೆ ಹುಬ್ಬು ಹಾರಿಸಿದರು. ಗೋಡೆಯ ಕಡೆಗೆ ಸರಿದು, ಮಂಚದ ಮೇಲೆ ಅವನಿಗೆ ಜಾಗ ಮಾಡಿಕೊಟ್ಟರು.